ತಪಾಸಣೆಗೆ ಉಳಿಸಿಟ್ಟ ಶಾಖ

ನನ್ನ ಗಂಡ ಶಾಲೆಯಲ್ಲಿ ಮೇಷ್ಟ್ರು. ನೀರಿನ ಮೀಟರ್ ನೋಡುವವನು ಬಂದರೂ, ಗ್ಯಾಸಿನ ಪೈಪು ತಟ್ಟಿ ನೋಡುವವನು ಬಂದರೂ ಅವರ ಪಾಲಿಗೆ ಅದೊಂದು ಪರೀಕ್ಷೆಯೇ. ಕೂದಲು ಬಾಚಿಕೊಂಡು ಬಾಗಿಲಲ್ಲಿ ನಿಂತುಬಿಡುತ್ತಾರೆ. ಇನ್ನು ಪುರಸಭೆಯವರು ಶಾಖ ಹಿಡಿಯುವ ಕ್ಯಾಮೆರಾ ತಂದು ನಮ್ಮ ಮನೆಯ ಗೋಡೆಗಳನ್ನು ನೋಡುತ್ತಾರೆ, ಎಲ್ಲೆಲ್ಲಿ ಬಿಸಿ ಸೋರಿಹೋಗುತ್ತಿದೆ ಎಂದು ಕಂಡುಹಿಡಿಯುತ್ತಾರೆ ಎಂದು ಗೊತ್ತಾದ ಮೇಲೆ ಕೇಳಬೇಕೆ? ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಮ್ಮದು ಸಾಲುಮನೆಗಳಲ್ಲಿ ಕೊನೆಯ ಮನೆ. ಉಳಿದವರಿಗೆ ಎರಡೂ ಪಕ್ಕ ಇನ್ನೊಬ್ಬರ ಗೋಡೆಯ ಆಸರೆ ಇದೆ. ನಮಗೆ ಒಂದು ಪಕ್ಕ ಬರೀ ಬಯಲು. ಚಳಿಗಾಲದ ಗಾಳಿ ಬಂದು ಆ ಗೋಡೆಗೇ ಬಡಿಯುತ್ತದೆ. ಮಗಳು ಗುಬ್ಬಿಗೆ ಎಂಟು ವರ್ಷ. ಹೊರಗೆ ಚಳಿ ಬಿತ್ತೆಂದರೆ ಅವಳ ಎದೆಯೊಳಗೆ ಸೀಟಿ ಶುರು. ಹೋದ ವರ್ಷ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು. ಇನ್ನೊಂದು ಚಳಿಗಾಲ ಇದೇ ಥಂಡಿಯಲ್ಲಿ ಕಳೆದರೆ ಆ ಶ್ವಾಸಕೋಶದ ಮೇಲೆ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆ ಗೋಡೆಯ ರಿಪೇರಿ ನಮ್ಮ ಕೈಲಾಗುವ ಮಾತಲ್ಲ. ಪುರಸಭೆಯವರು ಪುಕ್ಕಟೆ ಮಾಡಿಸಿಕೊಡುತ್ತಾರೆ. ಆದರೆ ಎಪ್ಪತ್ತು ದಾಟಿದವರು ಇರುವ ಮನೆಗಳಿಗೆ ಮೊದಲು, ಉಳಿದವರಿಗೆ ಆಮೇಲೆ. ಆಮೇಲೆ ಎಂದರೆ ಯಾವ ಕಾಲಕ್ಕೋ.

ಎಪ್ಪತ್ತು ದಾಟಿದವರು ನಮ್ಮ ಮನೆಯಲ್ಲಿದ್ದರು. ನನ್ನ ಅತ್ತೆ.

"ಅಂತೂ ಮುದುಕಿ ಆಗಿದ್ದಕ್ಕೂ ಒಂದು ಉಪಯೋಗ ಬಂತು ನೋಡು" ಎಂದು ಅವರೇ ನಗಾಡಿದರು. ಬಯಲಿನ ಪಕ್ಕದ ಕೋಣೆ ಮೊದಲು ಗುಬ್ಬಿಯದಾಗಿತ್ತು. ಉಬ್ಬಸ ಶುರುವಾದ ಮೇಲೆ ಅತ್ತೆ ಹಟ ಹಿಡಿದು ತಮ್ಮ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟು, ತಮ್ಮ ಮಂಚವನ್ನು ಅಲ್ಲಿಗೆ ಹಾಕಿಸಿಕೊಂಡಿದ್ದರು. ಹಟದಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ನಾನೂ ಕಡಿಮೆಯವಳಲ್ಲ, ಆದರೂ ಸೋಲುತ್ತಿದ್ದೆ.

ತಪಾಸಣೆಗೆ ಒಂದು ವಾರ ಇರುವಾಗ ಪುರಸಭೆಯ ಕಚೇರಿಯಿಂದ ಒಬ್ಬ ಹುಡುಗಿ ಫೋನ್ ಮಾಡಿ, ಮನೆಯನ್ನು ಹೇಗೆ ಸಿದ್ಧ ಮಾಡಿಟ್ಟುಕೊಳ್ಳಬೇಕು ಎಂದು ಹೇಳಿದಳು. ನನ್ನ ಗಂಡ ಒಂದೊಂದನ್ನೂ ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಜೋರಾಗಿ ತಿರುಗಿ ಹೇಳಿದರು. ಹಿಂದಿನ ದಿನದಿಂದಲೇ ಕಿಟಕಿ ಬಾಗಿಲು ಮುಚ್ಚಿರಬೇಕು. ಬೀರು, ಮಂಚ ಎಲ್ಲವನ್ನೂ ಹೊರಗೋಡೆಯಿಂದ ಗೇಣುದ್ದ ಈಚೆ ಎಳೆದಿಡಬೇಕು. ಪರದೆ, ಪಟ ಇಳಿಸಬೇಕು. ಹೀಟರ್ ಹಾಕಿ, ಮನೆಯ ಒಳಗೂ ಹೊರಗೂ ಕನಿಷ್ಠ ಹತ್ತು ಡಿಗ್ರಿ ವ್ಯತ್ಯಾಸ ಇರುವ ಹಾಗೆ ನೋಡಿಕೊಳ್ಳಬೇಕು.

"ಹತ್ತು ಅಂದ್ರೆ ಪಾಸ್ ಮಾರ್ಕು" ಎಂದರು ಫೋನ್ ಇಟ್ಟು. "ನಾವು ಪಾಸ್ ಮಾರ್ಕಿಗೆ ನಿಲ್ಲಬಾರದು. ಒಳಗೆ ಇಪ್ಪತ್ತೈದಕ್ಕೆ ಇಡೋಣ. ಮನೆ ಚೆನ್ನಾಗಿ ಕಾದಷ್ಟೂ ಸೋರೋದು ಚೆನ್ನಾಗಿ ಕಾಣುತ್ತೆ."

"ಎಣ್ಣೆ ಎಲ್ಲಿದೆ?" ಎಂದೆ.

ಹಿತ್ತಲಿನ ಟ್ಯಾಂಕಿನಲ್ಲಿ ಬಾಯ್ಲರಿನ ಎಣ್ಣೆ ತಳ ಮುಟ್ಟಿತ್ತು. ಆ ಎಣ್ಣೆ ಉರಿಸಿಯೇ ಬಾಯ್ಲರು ನೀರು ಕಾಯಿಸಿ, ಪೈಪುಗಳಲ್ಲಿ ಎಲ್ಲ ಕೋಣೆಗಳ ಹೀಟರಿಗೂ ಹರಿಸುವುದು. ತುಂಬಿಸುವ ಲಾರಿ ಬರುವುದು ತಪಾಸಣೆ ಮುಗಿದ ಮೇಲೆ. ದಿನವಿಡೀ ಮನೆಯನ್ನು ಇಪ್ಪತ್ತೈದರಲ್ಲಿ ಇಡುವುದೆಂದರೆ ನಮ್ಮ ಬಾಯ್ಲರು ಆನೆಯ ಹಾಗೆ ಕುಡಿಯುತ್ತದೆ. ನನ್ನ ಗಂಡ ಟ್ಯಾಂಕಿನೊಳಗೆ ಕೋಲು ಇಳಿಬಿಟ್ಟು ನೋಡಿದರು, ಒಳಗೆ ಬಂದು ಲೆಕ್ಕ ಹಾಕಿದರು, ಮತ್ತೆ ಹೋಗಿ ಕೋಲು ಇಳಿಬಿಟ್ಟರು. ಎರಡು ಸಲ ನೋಡಿದರೆ ಎಣ್ಣೆ ಹೆಚ್ಚಾಗುತ್ತದೆಯೇ ಎಂದು ಛೇಡಿಸಿದೆ. ಈ ವಾರ ಉಳಿಸಿದರೆ ಆ ದಿನಕ್ಕೆ ಸಾಲುತ್ತದೆ ಎಂದು ತೀರ್ಪು ಕೊಟ್ಟರು.

ಅಷ್ಟು ಹೇಳಿದ್ದೇ ತಡ, ಅತ್ತೆ ಕುರ್ಚಿಯಿಂದಲೇ, "ನನ್ನ ಕೋಣೆಯ ಹೀಟರ್ ಆರಿಸಿಬಿಡು. ಕೂಸಿನ ಕೋಣೆಗೆ ಇದ್ರೆ ಸಾಕು" ಎಂದರು.

"ಅತ್ತೆ, ನಿಮ್ಮ ಕೋಣೆ ಈಗಲೇ ಐಸ್ ಪೆಟ್ಟಿಗೆ ಇದ್ದ ಹಾಗಿದೆ."

"ಇರಲಿ ಬಿಡೇ. ನನ್ನ ಮೈಯಲ್ಲಿ ಏನಿದೆ ಹೆಪ್ಪುಗಟ್ಟೋಕೆ? ಬರೀ ಮೂಳೆ."

ನಾನು ಹೋಗಿ ಅವರ ಕೋಣೆಯ ಹೀಟರಿನ ಗುಂಡಿ ತಿರುಗಿಸಿ ಆರಿಸಿದೆ. ಗೋಡೆಯ ಒಳಗೆ ನೀರು ಗೊಳಗೊಳ ಎಂದು ಸುಮ್ಮನಾಯಿತು.

ಅತ್ತೆ ಎರಡು ಸ್ವೆಟರು, ಅದರ ಮೇಲೆ ಮಗನ ಹಳೆಯ ಕೋಟು, ತಲೆಗೆ ಉಣ್ಣೆ ಟೋಪಿ, ಕೈಗಳಿಗೆ ಕಾಲುಚೀಲ ಹಾಕಿಕೊಂಡು ಓಡಾಡಿದರು. "ಅಜ್ಜಿ ಮೂಟೆ, ಅಜ್ಜಿ ಮೂಟೆ" ಎಂದು ಗುಬ್ಬಿ ಕುಣಿದಳು. ಮೂಟೆಯೂ ಕುಣಿಯಿತು. ಮೂರು ದಿನ ಹೀಗೇ ತಮಾಷೆಯಲ್ಲಿ ಕಳೆಯಿತು. ಆಮೇಲೆ ಅತ್ತೆಗೆ ಕೆಮ್ಮು ಹತ್ತಿತು.

ನನಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ದಿನವೆಲ್ಲ ಹಬೆ. ಒಗೆದ ಹಾಸಿಗೆಬಟ್ಟೆಗಳು ಇಸ್ತ್ರಿ ಯಂತ್ರದ ಉರುಳೆಗಳ ನಡುವಿನಿಂದ ಸುಡುಸುಡು ಹೊರಗೆ ಬರುತ್ತವೆ, ನಾವು ಇಬ್ಬಿಬ್ಬರು ನಿಂತು ಮಡಚುತ್ತೇವೆ. ಹೊರಗೆ ನೀರು ಕಲ್ಲಾಗುವ ಚಳಿಯಲ್ಲೂ ನಮ್ಮ ಬೆನ್ನ ಮೇಲೆ ಬೆವರು. ಸಂಜೆ ಮನೆಗೆ ಬಂದ ಕೂಡಲೇ ಅತ್ತೆ ನನ್ನ ಕೈಗಳನ್ನು ಹಿಡಿದುಕೊಂಡು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. "ಪುಣ್ಯವಂತೆ ಕಣೇ ನೀನು. ಎಷ್ಟು ಬೆಚ್ಚಗಿದೆ ನೋಡು" ಎನ್ನುತ್ತಿದ್ದರು. ಅವರ ಕೆನ್ನೆ ಮೀನಿನ ಹಾಗೆ ತಣ್ಣಗಿರುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ, ಅದಕ್ಕೇ ಗಂಡನ ಮೇಲೆ ಹಾಯುತ್ತಿದ್ದೆ.

"ನಿಮ್ಮ ಇಪ್ಪತ್ತೈದು ಡಿಗ್ರಿಗೆ ಬೆಂಕಿ ಬೀಳ! ಹಾಕ್ರೀ ಹೀಟರ್ ಈಗ."

"ಹಾಕಿದ್ರೆ ಆ ದಿನಕ್ಕೆ ಎಣ್ಣೆ ಇರಲ್ಲ. ಮನೆ ಕಾಯದೇ ಇದ್ರೆ ಅವರು ವಾಪಸ್ ಹೋಗ್ತಾರೆ. ಮತ್ತೆ ಯಾವಾಗ ಬರ್ತಾರೋ ಏನೋ. ಗುಬ್ಬಿ ಗತಿ?" ಎಂದರು. ಅವರ ಮುಖವೂ ಇಷ್ಟೇ ಇಷ್ಟಾಗಿತ್ತು.

ನಾನೇ ಹಾಕಲು ಹೋದೆ. ಅತ್ತೆ ನನ್ನ ಕೈ ಮೇಲೆ ಪಟ್ಟೆಂದು ಹೊಡೆದರು. ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಅದೆಲ್ಲ ತಪಾಸಣೆ ಮುಗೀಲಿ. ಈಗ ನನ್ನನ್ನ ಆಸ್ಪತ್ರೆಗೆ ಸೇರಿಸಿಕೊಂಡುಬಿಟ್ರೆ ಮನೇಲಿ ಮುದುಕಿ ಎಲ್ಲಿ ಅಂತ ಕೇಳಿದಾಗ ಯಾರನ್ನ ತೋರಿಸ್ತೀಯ? ನಿನ್ನನ್ನಾ?" ಎಂದು ಕೆಮ್ಮುತ್ತ ನಕ್ಕರು. ಬಿಸಿನೀರಿನ ಬ್ಯಾಗು ತುಂಬಿಸಿಕೊಟ್ಟರೆ ಅದನ್ನೂ ಗುಬ್ಬಿಯ ಹಾಸಿಗೆಗೆ ಹಾಕಿ ಬಂದರು.

ತಪಾಸಣೆಯ ಹಿಂದಿನ ದಿನ ಬಂತು. ನಾನು ರಜೆ ಹಾಕಿದ್ದೆ. ಬೆಳಗ್ಗೆಯೇ ನನ್ನ ಗಂಡ ಬಾಯ್ಲರು ಹೊತ್ತಿಸಿ, ಎಲ್ಲ ಕೋಣೆಗಳ ಹೀಟರಿನ ಗುಂಡಿಯನ್ನೂ ಪೂರ್ತಿ ತಿರುಗಿಸಿದರು. ಇಬ್ಬರೂ ಸೇರಿ ಬೀರು ಎಳೆದೆವು, ಪಟ ಇಳಿಸಿದೆವು. ಅತ್ತೆಯ ಮಂಚ ಈಚೆ ಎಳೆದರೆ ಹಿಂದಿನ ಗೋಡೆ ಕಾಡಿಗೆ ಬಳಿದ ಹಾಗೆ ಕಪ್ಪಗಿತ್ತು, ಬೂಷ್ಟು. ಬೆರಳಿಟ್ಟರೆ ಒದ್ದೆ. ನಾನು ಬಕೆಟ್ಟು, ಬ್ರಷ್ಷು ತಂದು ತಿಕ್ಕತೊಡಗಿದೆ.

"ಏನ್ ಮಾಡ್ತಿದ್ದೀಯ? ಅದನ್ನ ತೋರಿಸೋಕೇ ಅಲ್ವಾ ಅವರನ್ನ ಕರೆಸ್ತಿರೋದು!"

"ಬಂದವರು ಏನಂದ್ಕೋತಾರೆ? ಅತ್ತೇನ ಇಂಥಾ ಕಡೆ ಮಲಗಿಸಿದ್ದಾರೆ ಅನ್ನಲ್ವಾ?" ಎಂದೆ. ಹೇಳಿದ ಮೇಲೆ ನನ್ನ ಕೈಯೇ ನಿಂತಿತು. ಬ್ರಷ್ಷನ್ನು ಬಕೆಟ್ಟಿಗೆ ಎಸೆದು ಹೊರಗೆ ಬಂದೆ.

ಮಧ್ಯಾಹ್ನದ ಹೊತ್ತಿಗೆ ಮನೆ ನಮ್ಮ ಲಾಂಡ್ರಿಯ ಹಾಗೆ ಬೆಚ್ಚಗಾಯಿತು. ಗುಬ್ಬಿ ಬರಿಯ ಅಂಗಿಯಲ್ಲಿ ನೆಲದ ಮೇಲೆ ಉರುಳಾಡಿದಳು. ಅವಳ ಎದೆಯಲ್ಲಿ ಸದ್ದೇ ಇರಲಿಲ್ಲ. ಅತ್ತೆ ನಡುಮನೆಯ ಕುರ್ಚಿಯಲ್ಲಿ ಕೂತು ಕೋಟು ತೆಗೆದರು, ಒಂದು ಸ್ವೆಟರ್ ತೆಗೆದರು, ಇನ್ನೊಂದನ್ನೂ ತೆಗೆದರು. "ಈ ಮನೇಲಿ ಇಷ್ಟು ಸುಖ ಇತ್ತು ಅಂತ ಗೊತ್ತೇ ಇರಲಿಲ್ಲ ಕಣೇ" ಎಂದರು. ಕೆನ್ನೆ ಕೆಂಪಗಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ನಾನು ಹಣೆ ಮುಟ್ಟಿದರೆ ಬಿಸಿ. ಮುಟ್ಟಿದ್ದೆಲ್ಲ ಬಿಸಿಯಾಗಿದ್ದ ಮನೆಯಲ್ಲಿ ಅದು ಜ್ವರ ಎಂದು ನನಗೆ ಹೊಳೆಯಲಿಲ್ಲ. ಊಟ ಸೇರಲಿಲ್ಲ ಎಂದರು. ಸೆಖೆಗೆ ಹಾಗಾಗುತ್ತದೆ ಎಂದುಕೊಂಡೆ. ಬೇಗ ಮಲಗಿದರು.

ಬೆಳಗ್ಗೆ ಟೀ ತೆಗೆದುಕೊಂಡು ಹೋದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕರೆದೆ. ಭುಜ ಹಿಡಿದು ತಿರುಗಿಸಿದೆ. ಆಮೇಲೆ ಟೀ ಲೋಟವನ್ನು ಎಲ್ಲಿಟ್ಟೆನೋ ನೆನಪಿಲ್ಲ.

ನನ್ನ ಗಂಡ ಬಂದು ಅಮ್ಮನ ಪಾದ ಹಿಡಿದುಕೊಂಡು ನೆಲದ ಮೇಲೆ ಕೂತರು. ಬಾಯಿಗೆ ಅಂಗಿಯ ತೋಳು ತುರುಕಿಕೊಂಡು ಅತ್ತರು, ಗುಬ್ಬಿಗೆ ಕೇಳಬಾರದಲ್ಲ. ನನಗೂ ಅಳು ತಡೆಯಲಾಗಲಿಲ್ಲ. ಬೈದುಕೊಂಡೇ ಹನ್ನೆರಡು ವರ್ಷ ಒಟ್ಟಿಗೆ ಬಾಳಿದ್ದೆವು ನಾವಿಬ್ಬರು, ಅತ್ತೆ ಸೊಸೆ. ಅವರಷ್ಟು ನನ್ನನ್ನು ಯಾರೂ ಬೈದಿರಲಿಲ್ಲ, ಅವರಷ್ಟು ನನ್ನನ್ನು ಯಾರೂ ಇಷ್ಟಪಟ್ಟೂ ಇರಲಿಲ್ಲ.

ನನ್ನ ಗಂಡ ತಲೆ ಎತ್ತದೆಯೇ ಹೇಳಿದರು. "ಹತ್ತು ಗಂಟೆಗೆ ಬರ್ತಾರೆ."

"ಬರೋದು ಬೇಡ ಅಂತ ಫೋನ್ ಮಾಡಿ."

"ಅಮ್ಮ ಇಲ್ಲ ಅಂದ್ರೆ ನಮ್ಮ ಮನೆ ಪಟ್ಟಿಯ ಕೊನೆಗೆ ಹೋಗುತ್ತೆ." ಧ್ವನಿ ಇನ್ನೂ ತಗ್ಗಿತು. "ಮಲಗಿದ್ದಾರೆ ಅನ್ನೋಣ. ಅವರು ಹೋಗೋವರೆಗೆ ಮಾತ್ರ."

ನನ್ನ ಬಾಯಿಂದ ಏನೇನು ಬಂತೋ. ಮನುಷ್ಯರಾ ನೀವು ಎಂದೆ. ಹೆತ್ತವಳ ಹೆಣ ಮುಂದಿಟ್ಟುಕೊಂಡು ಮಾರ್ಕು ಲೆಕ್ಕ ಹಾಕ್ತೀರಲ್ಲ ಎಂದೆ. ಅಷ್ಟರಲ್ಲಿ ಗುಬ್ಬಿ ಎದ್ದು ಅಡುಗೆಮನೆಯಲ್ಲಿ ಹಾಡಿಕೊಳ್ಳುವುದು ಕೇಳಿಸಿತು. ಚಳಿಗಾಲದಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಅದಕ್ಕೆ ಬೇಕಾದಷ್ಟು ಉಸಿರು ಅವಳ ಹತ್ತಿರ ಇರುತ್ತಿರಲಿಲ್ಲ. ನಾನು ಕಣ್ಣೊರೆಸಿಕೊಂಡು ಹೋಗಿ ಅವಳಿಗೆ ಜಡೆ ಹಾಕಿದೆ. ಅಜ್ಜಿ ಮಲಗಿದ್ದಾರೆ, ಎಬ್ಬಿಸಬೇಡ ಎಂದೆ. ಅವಳು ಬಾಗಿಲ ಸಂದಿಯಲ್ಲಿ ಮೂಗು ತೂರಿಸಿ, "ಮೂಟೆ, ಹೋಗ್ಬರ್ತೀನಿ" ಎಂದು ಪಿಸುಗುಟ್ಟಿ ಶಾಲೆಗೆ ಹೋದಳು.

ಅವಳು ಹೋದ ಮೇಲೆ ನನ್ನ ಗಂಡನಿಗೆ ಇನ್ನೊಂದು ಹೊಳೆಯಿತು. "ಅದು ಶಾಖ ಹಿಡಿಯೋ ಕ್ಯಾಮೆರಾ. ಅಮ್ಮ ತಣ್ಣಗೆ ಕಂಡುಬಿಟ್ರೆ?"

ನಾನು ಅಡುಗೆಮನೆಗೆ ಹೋದೆ. ನೀರು ಕಾಯಿಸಿದೆ. ಗುಬ್ಬಿಯ ಎದೆಗೆ ಇಡುವ ಎರಡು ಬಿಸಿನೀರಿನ ಬ್ಯಾಗುಗಳನ್ನು ತುಂಬಿಸಿ, ಅತ್ತೆಯ ಎರಡೂ ಪಕ್ಕಕ್ಕೆ ಇಟ್ಟು, ಕತ್ತಿನವರೆಗೆ ರಜಾಯಿ ಹೊದಿಸಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದೆ. ವಾರವೆಲ್ಲ ಬೇಡ ಬೇಡ ಎಂದ ಬ್ಯಾಗನ್ನು ಈಗ ಬೇಡ ಎನ್ನುವವರು ಇರಲಿಲ್ಲ.

ತಪಾಸಣೆಗೆ ಬಂದವಳು ನನ್ನದೇ ವಯಸ್ಸಿನ ಹೆಂಗಸು. ಹೆಗಲಲ್ಲಿ ಚೀಲ, ಕೈಯಲ್ಲಿ ಕ್ಯಾಮೆರಾ. ಒಳಗೆ ಕಾಲಿಟ್ಟವಳೇ ಕತ್ತಿನ ಮಫ್ಲರ್ ಬಿಚ್ಚಿದಳು.

"ಅಬ್ಬಬ್ಬಾ! ಏನ್ರೀ ಇದು, ಇಷ್ಟು ಸೆಖೆ?"

"ಇಪ್ಪತ್ತೈದು ಇದೆ ಮೇಡಂ" ಎಂದರು ನನ್ನ ಗಂಡ. ಅಭ್ಯಾಸಬಲ, ಅಂಥಾ ಹೊತ್ತಿನಲ್ಲೂ ಬೆನ್ನು ನೆಟ್ಟಗಾಗಿತ್ತು. "ನಿನ್ನೆ ಬೆಳಗ್ಗೆಯಿಂದ ಕಾಯಿಸ್ತಿದ್ದೀವಿ."

"ಅಯ್ಯೋ, ಯಾಕ್ ಸರ್ ಸುಮ್ನೆ ಎಣ್ಣೆ ಸುಟ್ರಿ? ಹೊರಗೆ ಸೊನ್ನೆಗಿಂತ ಕೆಳಗಿದೆ. ಒಳಗೆ ಹನ್ನೆರಡು ಹದಿಮೂರು ಇದ್ರೂ ನನಗೆ ಬೇಕಾದಷ್ಟು ವ್ಯತ್ಯಾಸ ಸಿಗ್ತಿತ್ತು. ನೀವು ದಿನಾ ಹೇಗಿರ್ತೀರೋ ಹಾಗೇ ಇದ್ದಿದ್ರೆ ಸಾಕಿತ್ತು."

ನನ್ನ ಗಂಡ ಅತ್ತೆಯ ಕೋಣೆಯ ಬಾಗಿಲ ಕಡೆ ನೋಡಿದರು. ಅವಳು ಅದನ್ನು ಗಮನಿಸದೆ ಕ್ಯಾಮೆರಾ ಒರೆಸುತ್ತ, ಬಹಳ ಜನ ಹೀಗೇ ಮಾಡ್ತಾರೆ ಎಂದು ನಕ್ಕಳು.

ನಡುಮನೆ ನೋಡಿದಳು, ಅಡುಗೆಮನೆ ನೋಡಿದಳು, ಗುಬ್ಬಿಯ ಕೋಣೆ ನೋಡಿದಳು. ಕ್ಯಾಮೆರಾದ ಪರದೆಯ ಮೇಲೆ ನಮ್ಮ ಮನೆ ಹಳದಿ ಕೆಂಪು ಬಣ್ಣಗಳಲ್ಲಿ ಬೇರೆ ಯಾರದೋ ಮನೆಯ ಹಾಗೆ ಕಾಣುತ್ತಿತ್ತು. ನನ್ನ ಗಂಡ ಅವಳ ಹಿಂದೆ ನಡೆಯುತ್ತಿದ್ದರು. ನಡೆಯುತ್ತಿದ್ದರು ಎಂದೆ, ಕಾಲೆಳೆಯುತ್ತಿದ್ದರು. ಅತ್ತೆಯ ಕೋಣೆಯೊಂದೇ ಉಳಿಯಿತು.

"ಒಳಗೆ ನಮ್ಮಮ್ಮ... ಮಲಗಿದ್ದಾರೆ" ಎಂದರು.

"ಮಲಗಲಿ ಬಿಡಿ ಪಾಪ. ಸದ್ದು ಮಾಡಲ್ಲ" ಎಂದು ಅವಳು ತುದಿಗಾಲಲ್ಲಿ ಒಳಗೆ ಹೋದಳು. ಕ್ಯಾಮೆರಾವನ್ನು ಬಯಲಿನ ಕಡೆಯ ಗೋಡೆಗೆ ಹಿಡಿದಳು. ಕೆಳಗಿನಿಂದ ಕಿಟಕಿಯವರೆಗೆ ಗೋಡೆ ಪೂರ್ತಿ ಕಡುನೀಲಿ. ಒಂದು ಹಗಲು, ಒಂದು ರಾತ್ರಿ ಕಾಯಿಸಿದ ಕೋಣೆಯಲ್ಲಿ ಅದೊಂದು ಗೋಡೆಗೆ ಬಿಸಿ ಮುಟ್ಟಿರಲೇ ಇಲ್ಲ.

"ಅಬ್ಬಾ! ಇದರೊಳಗೆ ಶಾಖ ತಡೆಯೋ ಸಾಮಾನು ಏನೂ ತುಂಬಿಸೇ ಇಲ್ಲ, ಬರೀ ಟೊಳ್ಳು" ಎಂದು ಪಿಸುದನಿಯಲ್ಲಿ ಹೇಳಿದಳು. "ಪಕ್ಕದಲ್ಲಿ ಮಲಗಿದವರ ಮೈಯಿಂದ ಶಾಖ ಎಳ್ಕೊಂಡು ಹೊರಗೆ ಚೆಲ್ಲುತ್ತೆ ಇದು. ಅಜ್ಜೀನ ಇವತ್ತೇ ಬೇರೆ ಕೋಣೆಗೆ ಹಾಕಿ."

ಹಾಗೆನ್ನುತ್ತ ಹಿಂದೆ ಸರಿದಾಗ ಕ್ಯಾಮೆರಾ ಮಂಚದ ಕಡೆ ತಿರುಗಿತು. ಪರದೆಯನ್ನು ನಾನೂ ನೋಡಿದೆ. ರಜಾಯಿಯ ನಡುವೆ ಹತ್ತಿ ಉರಿಯುವ ಎರಡು ಚೌಕ. ಮೇಲೆ, ಟೋಪಿಯ ಕೆಳಗೆ, ಮಂಚದ ಮರದ ಬಣ್ಣದ್ದೇ ಒಂದು ಮುಖ.

ಅವಳು ಕ್ಯಾಮೆರಾ ಇಳಿಸಿದಳು. ನಮ್ಮಿಬ್ಬರ ಮುಖವನ್ನೂ ನೋಡಿದಳು.

"ಯಾವಾಗ?" ಎಂದಳು.

"ಈಗ ತಾನೇ ಔಷಧಿ ತಗೊಂಡು..." ಎಂದು ನನ್ನ ಗಂಡ ಶುರು ಮಾಡಿದರು.

"ರಾತ್ರಿ" ಎಂದೆ ನಾನು. "ಬೆಳಗ್ಗೆ ನೋಡಿದ್ವಿ. ಅತ್ತೆ ಇಲ್ಲ ಅಂದ್ರೆ ರಿಪೇರಿ ಸಿಗಲ್ಲ ಅಂತ ಹೀಗೆ ಮಾಡಿದ್ವಿ. ಮಗಳಿಗೆ ಉಬ್ಬಸ ಇದೆ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಹೊರಗೆ ಬಂದು ಬಾಗಿಲು ಮೆಲ್ಲಗೆ ಮುಚ್ಚಿ, "ವಯಸ್ಸಾದವರು ಇದ್ದಾರಾ ಅಂತ ನೋಡೋದು ಯಾರ ಮನೆಗೆ ಮೊದಲು ಹೋಗಬೇಕು ಅನ್ನೋದಕ್ಕೆ ಅಷ್ಟೇ. ಬಂದ ಮೇಲೆ ನಾವು ನೋಡೋದು ಗೋಡೆ. ಈ ಗೋಡೆ ಕೆಲಸ ಹೇಗೂ ಆಗ್ತಿತ್ತು. ಬರೋ ತಿಂಗಳು ಕೆಲಸದವರು ಬರ್ತಾರೆ" ಎಂದಳು. ಮಫ್ಲರ್ ಸುತ್ತಿಕೊಳ್ಳುತ್ತ ಹೊರಟುಹೋದಳು.

ನನ್ನ ಗಂಡ ನಡುಮನೆಯಲ್ಲಿ, ಗೋಡೆಯಿಂದ ಈಚೆ ಎಳೆದಿಟ್ಟ ಬೀರುವಿಗೆ ಒರಗಿ ಕುಸಿದು ಕೂತರು.

"ಹನ್ನೆರಡು ಸಾಕಿತ್ತಂತೆ" ಎಂದರು. ಮತ್ತೆ, "ದಿನಾ ಇರೋ ಹಾಗೇ ಇದ್ದಿದ್ರೆ ಸಾಕಿತ್ತಂತೆ" ಎಂದರು.

ವಾರದಿಂದ ಅವರಿಗೆ ಹೇಳಬೇಕೆಂದು ನಾನು ಕೂಡಿಟ್ಟ ಮಾತುಗಳಿಗೆ ಲೆಕ್ಕವಿರಲಿಲ್ಲ. ಆ ಮುಖ ನೋಡಿ ಬೈಯಲು ನನ್ನಿಂದಾಗಲಿಲ್ಲ, ಸಮಾಧಾನ ಹೇಳಲೂ ಆಗಲಿಲ್ಲ. ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಏನಾಯಿತು, ಕೆಮ್ಮು ಎಷ್ಟು ದಿನದಿಂದ ಎಂದೆಲ್ಲ ಕೇಳಿದರು. ಇದ್ದದ್ದು ಇದ್ದಂತೆ ಹೇಳಿದೆ. ಆಮೇಲೆ, ಬರಲು ಸಂಜೆಯಾಗುತ್ತದೆ, ಶವ ಒಯ್ಯುವ ಗಾಡಿ ಬರುವುದೂ ಆಮೇಲೆಯೇ, ಅಲ್ಲಿಯವರೆಗೆ ದೇಹವಿರುವ ಕೋಣೆಯಲ್ಲಿ ಬಿಸಿ ಇರಬಾರದು, ಹೀಟರ್ ಆರಿಸಿಬಿಡಿ ಎಂದರು.

ಗಂಡನಿಗೆ ಹೇಳಿದೆ. ಅವರು ಎದ್ದು ಕೋಣೆಯ ಬಾಗಿಲವರೆಗೆ ಹೋದರು. ಹೀಟರಿನ ಮುಂದೆ ನಿಂತರು. ಕೈ ಚಾಚಿದರು, ಹಿಂದಕ್ಕೆ ತೆಗೆದುಕೊಂಡರು.

"ನನ್ನ ಕೈಲಾಗಲ್ಲ" ಎಂದರು. "ಅಮ್ಮನ್ನ ಇನ್ನೊಂದ್ಸಲ ಚಳಿಗೆ ಬಿಡೋಕಾಗಲ್ಲ ಕಣೇ."

"ಆಚೆ ಹೋಗಿ" ಎಂದೆ.

ಮೊದಲು ಎರಡು ಬ್ಯಾಗುಗಳನ್ನೂ ತೆಗೆದೆ. ಅವು ಇನ್ನೂ ಬಿಸಿಯಾಗಿದ್ದವು. ಆಮೇಲೆ ಗುಂಡಿ ತಿರುಗಿಸಿದೆ. ಗೋಡೆಯ ಒಳಗೆ ನೀರು ಗೊಳಗೊಳ ಎಂದಿತು. ತಪ್ಪಾಯ್ತು ಅತ್ತೆ ಎಂದೆ. ಅದನ್ನು ಜೋರಾಗಿಯೇ ಹೇಳಿದೆ, ಅವರಿಗೆ ಕಿವಿ ಸ್ವಲ್ಪ ಮಂದ. ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತು, ಅವರ ಕೈಯನ್ನು ನನ್ನ ಎರಡೂ ಕೈಗಳ ನಡುವೆ ಹಿಡಿದುಕೊಂಡೆ. ಗುಬ್ಬಿ ಬರುವ ಹೊತ್ತಿಗೆ ಏನು ಹೇಳಬೇಕೆಂದು ಯೋಚಿಸುತ್ತ ಕೂತೆ. ಯೋಚನೆ ಮುಗಿಯುವ ಮೊದಲೇ ನನ್ನ ಬಾಯಿಂದ ಹಬೆ ಬರತೊಡಗಿತು. ಆ ಕೋಣೆ ತಣ್ಣಗಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.